ಸುಟ್ಟ ಮಳಿಗೆಯ ಬಾಡಿಗೆ, ಮುಂಗಡ ಮತ್ತು ಬೀಗ: ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯಕ್ಕೆ ಸೇರಿದವು. ವ್ಯಾಪಾರಕ್ಕೆಂದು ಬಾಡಿಗೆಗೆ ಕೊಟ್ಟ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಮಾಲೀಕರಿಗೂ ಬಾಡಿಗೆದಾರರಿಗೂ ನಡುವೆ ಎದ್ದ ತಕರಾರುಗಳು ಅವು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ ಈ ಮೂರನ್ನೇ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ದಾವಣಗೆರೆಯ ಚೌಕಿಪೇಟೆಯಲ್ಲಿ ಸುಮಾರು 900 ಚದರ ಅಡಿಯ ಮಳಿಗೆಯೊಂದನ್ನು ಬಾಡಿಗೆಗೆ ಪಡೆದು ಮೂರು ವರ್ಷದಿಂದ ಸಿದ್ಧ ಉಡುಪುಗಳ ವ್ಯಾಪಾರ ಮಾಡುತ್ತಿದ್ದೇನೆ. ಐದು ವರ್ಷದ ಅವಧಿಗೆಂದು ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಕರಾರು ಬರೆಸಿದ್ದೆವು, ನೋಂದಣಿ ಮಾಡಿಸಲಿಲ್ಲ. ಬ್ಯಾಂಕಿನ ಮೂಲಕ 8 ಲಕ್ಷ ರೂಪಾಯಿ ಮುಂಗಡ ಕೊಟ್ಟಿದ್ದೇನೆ. ತಿಂಗಳ ಬಾಡಿಗೆ 28,000 ರೂಪಾಯಿ. ನಾಲ್ಕು ತಿಂಗಳ ಹಿಂದೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬೆಂಕಿ ಹತ್ತಿ, ಹಿಂಭಾಗದ ಗೋದಾಮು, ಅದರ ಮರದ ಅಟ್ಟ ಮತ್ತು ಶೀಟಿನ ಮಾಡು ಪೂರ್ತಿ ಸುಟ್ಟವು. ಮುಂಭಾಗದ ಆರ್‌ಸಿಸಿ ಕಟ್ಟಡ ನಿಂತಿದೆಯಾದರೂ ವೈರಿಂಗ್ ಹೋಗಿದೆ, ಗೋಡೆಗಳು ಬಿರುಕು ಬಿಟ್ಟಿವೆ. ಅಗ್ನಿಶಾಮಕ ಠಾಣೆಯ ವರದಿಯಲ್ಲಿ ‘ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಇರಬಹುದು’ ಎಂದಿದೆ. ವೈರಿಂಗ್ ಮಾಲೀಕರ ಕಾಲದ್ದು, ಎರಡು ಎ.ಸಿ.ಗಳನ್ನು ನಾನು ಹಾಕಿಸಿದ್ದೆ. ಮಾಲೀಕರು ನಾಲ್ಕು ತಿಂಗಳ ಬಾಡಿಗೆ ಕೇಳುತ್ತಿದ್ದಾರೆ, ಮುಂಗಡ ಕೊಡುವುದಿಲ್ಲ ಎನ್ನುತ್ತಾರೆ, ಎರಡು ತಿಂಗಳ ಹಿಂದೆ ನನ್ನ ಬೀಗದ ಮೇಲೆ ತಮ್ಮ ಬೀಗವನ್ನೂ ಜಡಿದಿದ್ದಾರೆ. ‘ಮಳಿಗೆಗೆ ಯಾವುದೇ ನಷ್ಟವಾದರೂ ಬಾಡಿಗೆದಾರರೇ ಭರಿಸತಕ್ಕದ್ದು’ ಎಂಬ ಷರತ್ತನ್ನು ತೋರಿಸುತ್ತಾರೆ. ಸರಕಿಗೆ ವಿಮೆ ಇತ್ತು. 16 ಲಕ್ಷದ ನಷ್ಟಕ್ಕೆ ಕಂಪನಿ 10 ಲಕ್ಷ ಮಾತ್ರ ಕೊಟ್ಟಿತು. ಬಾಡಿಗೆ ಕೊಡಲೇಬೇಕೇ? ಮುಂಗಡ ವಾಪಸು ಬರುವುದೇ? ಕಟ್ಟಡವನ್ನು ಮತ್ತೆ ಕಟ್ಟಿಸಿಕೊಡಿ ಎಂದು ಕೇಳಬಹುದೇ? ಉಳಿದ 6 ಲಕ್ಷವನ್ನು ಮಾಲೀಕರಿಂದ ವಸೂಲು ಮಾಡಬಹುದೇ?
— ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಮೊದಲು ನಿಮಗೆ ಅನ್ವಯಿಸುವ ಕಾನೂನು ಯಾವುದೆಂದು ನೋಡೋಣ. ಕರ್ನಾಟಕ ಬಾಡಿಗೆ ಕಾಯ್ದೆ, 1999 ವ್ಯಾಪಾರದ ಕಟ್ಟಡಗಳ ಪೈಕಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಸಣ್ಣ ಅಂಗಡಿಗಳನ್ನಷ್ಟೇ ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿದೆ. ನಿಮ್ಮ ಮಳಿಗೆ ಅದಕ್ಕಿಂತ ಎಷ್ಟೋ ದೊಡ್ಡದಾದ್ದರಿಂದ ನಿಮ್ಮಿಬ್ಬರ ಸಂಬಂಧವನ್ನು ನಿರ್ಣಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಕರಾರು ಹೋಗಬೇಕಾದದ್ದು ಸಿವಿಲ್ ನ್ಯಾಯಾಲಯಕ್ಕೆ.

ಆ ಕಾಯ್ದೆಯ 107ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕು. ನಿಮ್ಮ ಐದು ವರ್ಷದ ಕರಾರು ನೋಂದಣಿಯಾಗಿಲ್ಲವಾದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಐದು ವರ್ಷದ ಗುತ್ತಿಗೆ ಎಂಬುದೇ ಹುಟ್ಟಿಲ್ಲ. ನೀವು ಸ್ವಾಧೀನ ಪಡೆದು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತ ಬಂದಿರುವುದರಿಂದ ಮಾಸಿಕ ಬಾಡಿಗೆದಾರರು ಮಾತ್ರ. ಅಂಥ ಪತ್ರವನ್ನು ಅದರಲ್ಲಿನ ಷರತ್ತುಗಳನ್ನು ಸಾಬೀತುಪಡಿಸಲು ಸಾಕ್ಷ್ಯವಾಗಿ ಬಳಸುವಂತಿಲ್ಲ. ಸ್ವಾಧೀನದ ಸ್ವರೂಪದಂಥ ಆನುಷಂಗಿಕ ಸಂಗತಿಗೆ ಮಾತ್ರ ನೋಡಬಹುದೆಂದು ನೋಂದಣಿ ಕಾಯ್ದೆಯ 49ನೇ ಕಲಮು ಹೇಳುತ್ತದೆ. ಅದಕ್ಕೂ ಮೊದಲು ಸಾಕಷ್ಟು ಛಾಪಾ ಶುಲ್ಕ ತೆರದ ಪತ್ರವನ್ನು ದಂಡ ಕಟ್ಟಿಸದೆ ನ್ಯಾಯಾಲಯ ಕೈಗೇ ತೆಗೆದುಕೊಳ್ಳುವುದಿಲ್ಲ, ಆ ದಂಡ ಕೊರತೆಯ ಹತ್ತು ಪಟ್ಟಿನವರೆಗೆ ಹೋಗಬಹುದು. ಆದ್ದರಿಂದ ‘ಯಾವುದೇ ನಷ್ಟವಾದರೂ ಬಾಡಿಗೆದಾರರೇ’ ಎಂಬ ಷರತ್ತಿಗೆ ನಿಮ್ಮ ಮಾಲೀಕರು ಭಾವಿಸಿರುವಷ್ಟು ಬಲವಿಲ್ಲ. ಆದರೆ ಅದೇ ಕಾರಣಕ್ಕೆ, ಇನ್ನೆರಡು ವರ್ಷ ನನ್ನನ್ನು ಯಾರೂ ಬಿಡಿಸುವಂತಿಲ್ಲ ಎಂಬ ನಿಮ್ಮ ನಂಬಿಕೆಗೂ ಬಲವಿಲ್ಲ. ನ್ಯಾಯಾಲಯದ ಮುಂದಿನ ಟೈಪಿಂಗ್ ಅಂಗಡಿಗಳಲ್ಲಿ ವಾಸದ ಮನೆಗೂ ವ್ಯಾಪಾರದ ಮಳಿಗೆಗೂ ಒಂದೇ ನಮೂನೆಯನ್ನು ಹೆಸರು, ಮೊತ್ತ ಬದಲಿಸಿ ಹೊಡೆದುಕೊಡುವ ರೂಢಿ ನಮ್ಮ ಊರುಗಳಲ್ಲಿ ಬೇರೂರಿದೆ. ಲಕ್ಷಾಂತರ ರೂಪಾಯಿ ಮುಂಗಡ ಎಣಿಸುವವರು ನೋಂದಣಿಯ ಖರ್ಚಿಗೆ ಹಿಂಜರಿಯುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಇನ್ನು ಬೆಂಕಿಯ ವಿಷಯ. ಕಾಯ್ದೆಯ 108ನೇ ಕಲಮಿನ (ಇ) ಖಂಡ ಇದಕ್ಕೆಂದೇ ಇದೆ. ಬೆಂಕಿ, ಬಿರುಗಾಳಿ, ಪ್ರವಾಹ, ಸೈನ್ಯದ ಅಥವಾ ಗುಂಪಿನ ಹಿಂಸಾಚಾರ, ಇಲ್ಲವೇ ತಡೆಯಲಾಗದ ಬೇರೆ ಯಾವುದೇ ಶಕ್ತಿಯಿಂದ ಸ್ವತ್ತಿನ ಮಹತ್ವದ ಭಾಗವೊಂದು ಪೂರ್ತಿ ನಾಶವಾದರೆ, ಅಥವಾ ಯಾವ ಉದ್ದೇಶಕ್ಕೆ ಬಾಡಿಗೆಗೆ ಕೊಟ್ಟಿತ್ತೋ ಅದಕ್ಕೆ ಗಣನೀಯವಾಗಿಯೂ ಶಾಶ್ವತವಾಗಿಯೂ ಒದಗದಂತಾದರೆ, ಗುತ್ತಿಗೆಯನ್ನು ಶೂನ್ಯವೆಂದು ಘೋಷಿಸುವ ಆಯ್ಕೆ ಬಾಡಿಗೆದಾರರಿಗೆ ಇರುತ್ತದೆ. ಆದರೆ ಆ ಹಾನಿ ಅವರದೇ ತಪ್ಪಿನಿಂದ ಆಗಿದ್ದರೆ ಆ ಆಯ್ಕೆ ಇಲ್ಲ. ಗೋದಾಮು ನಿಮ್ಮ ವ್ಯಾಪಾರದ ಅವಿಭಾಜ್ಯ ಭಾಗವಾಗಿದ್ದು ಅದು ಪೂರ್ತಿ ಸುಟ್ಟಿರುವುದರಿಂದ ‘ಮಹತ್ವದ ಭಾಗ’ ಎಂಬ ಮಾತು ನಿಮ್ಮ ಪ್ರಕರಣಕ್ಕೆ ಸಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಇಲ್ಲಿ ಗಮನಿಸಬೇಕಾದ ಪದ ‘ಆಯ್ಕೆ’. ಕಟ್ಟಡ ಸುಟ್ಟ ಕ್ಷಣಕ್ಕೆ ಗುತ್ತಿಗೆ ತಾನಾಗಿ ಸಾಯುವುದಿಲ್ಲ. ಅದನ್ನು ಮುಗಿಸಬೇಕೋ ಉಳಿಸಿಕೊಳ್ಳಬೇಕೋ ಎಂದು ಬಾಡಿಗೆದಾರರು ನಿರ್ಧರಿಸಿ, ಮಾಲೀಕರಿಗೆ ತಿಳಿಸಬೇಕು.

ಈ ಬಗ್ಗೆ ಹಿಂದೆ ಗೊಂದಲವಿತ್ತು. ಕೇರಳದಿಂದ ಹೋಗಿದ್ದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ, ಅಂಗಡಿಯ ಕಟ್ಟಡವೇ ನಾಶವಾದರೆ ಬಾಡಿಗೆ ಹಕ್ಕೂ ನಾಶವಾಗುತ್ತದೆ ಎಂದಿತ್ತು. 2014ರಲ್ಲಿ ಶಹಾ ರತನ್‌ಸಿ ಖೀಮ್‌ಜಿ ಅಂಡ್ ಸನ್ಸ್ ವಿರುದ್ಧ ಕುಂಭಾರ್ ಸನ್ಸ್ ಹೋಟೆಲ್ ಎಂಬ, ಮಹಾರಾಷ್ಟ್ರದ ಸಾಂಗ್ಲಿಯ ಪ್ರಕರಣದಲ್ಲಿ ಹೆಚ್ಚಿನ ಪೀಠ ಆ ತೀರ್ಪು ಸರಿಯಲ್ಲವೆಂದು ಹೇಳಿತು: ಕಟ್ಟಡವನ್ನು ಬಾಡಿಗೆಗೆ ಕೊಟ್ಟಾಗ ಅದು ನಿಂತ ನೆಲವೂ ಸೇರಿಯೇ ಇರುವುದರಿಂದ, ಕಟ್ಟಡ ಹೋದರೂ ಬಾಡಿಗೆದಾರರು ಬಯಸದ ಹೊರತು ಸಂಬಂಧ ಕಡಿಯುವುದಿಲ್ಲ. ಆದಕಾರಣ ‘ಅಂಗಡಿಯೇ ಸುಟ್ಟಿತಲ್ಲ, ನಿನ್ನ ಹಕ್ಕು ಮುಗಿಯಿತು’ ಎಂದು ಮಾಲೀಕರೂ, ‘ಅಂಗಡಿಯೇ ಸುಟ್ಟಿತಲ್ಲ, ಬಾಡಿಗೆ ಯಾಕೆ’ ಎಂದು ಬಾಡಿಗೆದಾರರೂ ಹೇಳುವಂತಿಲ್ಲ. ಒಪ್ಪಂದ ನೆರವೇರಿಸುವುದು ಅಸಾಧ್ಯವಾದರೆ ಅದು ಶೂನ್ಯ ಎನ್ನುವ ಕರಾರು ಕಾಯ್ದೆಯ 56ನೇ ಕಲಮನ್ನು ಕೆಲವರು ಇಲ್ಲಿ ಎತ್ತುತ್ತಾರೆ. ಒಮ್ಮೆ ಸ್ವಾಧೀನ ಕೊಟ್ಟ ಗುತ್ತಿಗೆಗೆ ಅದು ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1968ರಷ್ಟು ಹಿಂದೆಯೇ ತೀರ್ಮಾನಿಸಿದೆ.

ಹಾಗಾದರೆ ನಾಲ್ಕು ತಿಂಗಳ ಬಾಡಿಗೆ? ನೀವು ಇಷ್ಟು ದಿನ ಏನನ್ನೂ ಬರವಣಿಗೆಯಲ್ಲಿ ತಿಳಿಸದೆ ಸುಮ್ಮನಿದ್ದೀರಿ. ಆಯ್ಕೆ ಚಲಾಯಿಸುವವರೆಗೆ ಗುತ್ತಿಗೆ ಜೀವಂತವಿರುವುದರಿಂದ ಆ ಅವಧಿಯ ಬಾಡಿಗೆಯನ್ನು ಕೇಳಲು ಮಾಲೀಕರಿಗೆ ಮೇಲ್ನೋಟಕ್ಕೆ ಹಕ್ಕಿದೆ. ಆದರೆ ಅವರು ಬೀಗ ಹಾಕಿದ ದಿನದಿಂದ ಲೆಕ್ಕ ಬೇರೆಯಾಗುತ್ತದೆ. ಬಾಡಿಗೆದಾರರು ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸುವಂತೆ ನೋಡಿಕೊಳ್ಳುವುದು ಅದೇ 108ನೇ ಕಲಮಿನ (ಸಿ) ಖಂಡದಂತೆ ಮಾಲೀಕರ ಹೊಣೆ. ಒಳಗೆ ಕಾಲಿಡದಂತೆ ತಾವೇ ತಡೆದು, ಅದೇ ಅವಧಿಗೆ ಬಾಡಿಗೆಯನ್ನೂ ಕೇಳುವುದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಹೀಗಾಗಿ ಮೊದಲ ಎರಡು ತಿಂಗಳ ಬಾಡಿಗೆಯನ್ನು ಕೊಡುವ ಅಥವಾ ಮುಂಗಡದಲ್ಲಿ ಮುರಿದುಕೊಳ್ಳಲು ಒಪ್ಪುವ ಮಾತನ್ನೂ, ನಂತರದ ಎರಡು ತಿಂಗಳ ಬಾಡಿಗೆಯನ್ನು ನಿರಾಕರಿಸುವ ಮಾತನ್ನೂ ಒಂದೇ ಪತ್ರದಲ್ಲಿ ಹೇಳುವುದು ವಿವೇಕ. ಬೀಗದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ಮರಳಿ ಪಡೆಯುವ ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕು. ನಿಮಗೆ ಅಂಗಡಿ ಬೇಡವಾಗಿದ್ದರೂ ಒಳಗಿನ ಕಬ್ಬಿಣದ ರ‍್ಯಾಕುಗಳು, ಉಳಿದ ಸರಕು, ಎ.ಸಿ.ಯ ಅವಶೇಷಗಳು ನಿಮ್ಮವು. ನೀವು ಜೋಡಿಸಿದ್ದನ್ನು ಸ್ವಾಧೀನದಲ್ಲಿರುವಾಗ ಬಿಚ್ಚಿಕೊಂಡು ಹೋಗುವ ಹಕ್ಕು ನಿಮಗಿದೆ. ಎ.ಸಿ.ಯ ಅವಶೇಷಕ್ಕೆ ಬೆಲೆ ಇಲ್ಲದಿರಬಹುದು, ಸಾಕ್ಷ್ಯವಾಗಿ ಅದಕ್ಕೆ ಬೆಲೆ ಇದೆ. ಅದನ್ನು ಗುಜರಿಗೆ ಹಾಕಬೇಡಿ.

ಈ ವ್ಯಾಜ್ಯದ ತಿರುಳು ಇರುವುದೇ ಅಲ್ಲಿ, ಅಂದರೆ ಬೆಂಕಿ ಯಾರ ತಪ್ಪಿನಿಂದ ಹತ್ತಿತು ಎಂಬಲ್ಲಿ. (ಇ) ಖಂಡದ ಆಯ್ಕೆ ನಿಮಗೆ ದಕ್ಕುವುದೂ, ಮುಂಗಡದಿಂದ ಮಾಲೀಕರು ದುರಸ್ತಿಯ ಖರ್ಚು ಮುರಿದುಕೊಳ್ಳಬಹುದೇ ಎಂಬುದೂ, ನೀವು ಕೇಳುವ 6 ಲಕ್ಷವೂ ಇದೊಂದರ ಮೇಲೆ ನಿಂತಿವೆ. ‘ಶಾರ್ಟ್ ಸರ್ಕ್ಯೂಟ್ ಇರಬಹುದು’ ಎಂಬ ವರದಿಯ ಸಾಲು ಯಾರ ತಪ್ಪನ್ನೂ ಸಾಬೀತುಪಡಿಸುವುದಿಲ್ಲ. ಅಗ್ನಿಶಾಮಕ ಸಿಬ್ಬಂದಿಯ ಮೊದಲ ಕೆಲಸ ಬೆಂಕಿ ಆರಿಸುವುದು. ಅವರು ಬರೆಯುವ ಕಾರಣ ಬಹಳ ಸಲ ಮೇಲ್ನೋಟದ ಊಹೆ. ಸುಟ್ಟ ತಂತಿಯಲ್ಲಿ ತಾಮ್ರ ಕರಗಿದ ಮಣಿ ಸಿಕ್ಕಿತೆಂದರೂ ಅದು ಬೆಂಕಿಯ ಕಾರಣವೋ ಪರಿಣಾಮವೋ ಎಂದು ನೋಡಬೇಕಾಗುತ್ತದೆ, ಏಕೆಂದರೆ ಬೇರೆಡೆ ಹತ್ತಿದ ಬೆಂಕಿ ತಂತಿಯ ಹೊದಿಕೆಯನ್ನು ಕರಗಿಸಿಯೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಶಾರ್ಟ್ ಸರ್ಕ್ಯೂಟೇ ಕಾರಣವೆಂದು ಒಪ್ಪಿಕೊಂಡರೂ, ಅದು ಆದದ್ದು ಮಾಲೀಕರು ಹಾಕಿಸಿದ ಹಳೆಯ ವೈರಿನಲ್ಲೋ, ನೀವು ಎ.ಸಿ.ಗೆಂದು ಎಳೆಸಿದ ಹೊಸ ಲೈನಿನಲ್ಲೋ, ಅಥವಾ ಮೀಟರಿಗಿಂತ ಹಿಂದಿನ ಬೆಸ್ಕಾಂ ಭಾಗದಲ್ಲೋ ಎಂಬ ಪ್ರಶ್ನೆ ಉಳಿಯುತ್ತದೆ. ನಿಮ್ಮ ವಿದ್ಯುತ್ ಬಿಲ್ಲನ್ನು ಒಮ್ಮೆ ತೆಗೆದು ನೋಡಿ: ಮಂಜೂರಾದ ಲೋಡ್ ಎಷ್ಟೆಂದು ಅದರಲ್ಲೇ ಇರುತ್ತದೆ. ಒಂದೂವರೆ ಟನ್ನಿನ ಎರಡು ಎ.ಸಿ.ಗಳೇ ಸುಮಾರು ಮೂರು ಕಿಲೋವ್ಯಾಟ್ ಎಳೆಯುತ್ತವೆ. ಮಂಜೂರಾದದ್ದೇ ಮೂರು ಕಿಲೋವ್ಯಾಟ್ ಆಗಿದ್ದು ನೀವು ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕದೆ ದೀಪ, ಫ್ಯಾನುಗಳ ಜೊತೆಗೆ ಅವನ್ನೂ ಓಡಿಸಿದ್ದರೆ, ಎದುರು ವಕೀಲರ ಮೊದಲ ದಾಖಲೆ ಅದೇ ಬಿಲ್ಲು. ಇದಕ್ಕೆ ವಿರುದ್ಧವಾಗಿ, ಎ.ಸಿ. ಹಾಕಿಸುವಾಗ ಪರವಾನಗಿ ಪಡೆದ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ಪ್ರತ್ಯೇಕ ಲೈನ್, ಎಂಸಿಬಿ ಹಾಕಿಸಿದ ರಸೀದಿ ನಿಮ್ಮಲ್ಲಿದ್ದರೆ, ಅಥವಾ ಹಳೆಯ ವೈರಿಂಗ್ ಬದಲಾಯಿಸಿಕೊಡಿ ಎಂದು ಮಾಲೀಕರಿಗೆ ಕಳಿಸಿದ ಒಂದು ವಾಟ್ಸ್ಆ್ಯಪ್ ಸಂದೇಶ ಉಳಿದಿದ್ದರೂ, ತಕ್ಕಡಿ ನಿಮ್ಮ ಕಡೆ ವಾಲುತ್ತದೆ. ನಿಮ್ಮ ತಪ್ಪೆಂದು ಹೇಳುವ ಮಾಲೀಕರೇ ಅದನ್ನು ಸಾಬೀತುಪಡಿಸಬೇಕು ಎಂಬುದು ಸಾಮಾನ್ಯ ನಿಯಮ. ಆದರೆ ರಾತ್ರಿ ಬೀಗ ಹಾಕಿದ ಅಂಗಡಿಯೊಳಗೆ ಏನೇನು ಚಾಲೂ ಇತ್ತೆಂಬುದು ನಿಮಗೆ ಮಾತ್ರ ಗೊತ್ತಿರುವ ಸಂಗತಿಯಾದ್ದರಿಂದ, ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಮಿನಂತೆ ಅದರ ವಿವರಣೆ ಕೊಡುವ ಹೊರೆ ನಿಮ್ಮ ಮೇಲೆ ಬೀಳಬಹುದು. ಮುಚ್ಚುವ ಮೊದಲು ಮೇನ್ ಸ್ವಿಚ್ ಆರಿಸುವ ಅಭ್ಯಾಸವಿತ್ತೇ, ಅದನ್ನು ಕೆಲಸದ ಹುಡುಗರು ಸಾಕ್ಷಿ ಹೇಳಬಲ್ಲರೇ ಎಂದು ಈಗಲೇ ಯೋಚಿಸಿ. ವಿಮಾ ಕಂಪನಿಯ ಸರ್ವೇಯರು ಸ್ಥಳ ನೋಡಿ ವರದಿ ಬರೆದಿರುತ್ತಾರೆ. ಆ ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಅದು ಠಾಣೆಯ ವರದಿಗಿಂತ ವಿವರವಾಗಿರುವುದೇ ಹೆಚ್ಚು.

ಮತ್ತೆ ಕಟ್ಟಿಸಿಕೊಡಿ ಎಂದು ಕೇಳಲು ಆಧಾರವಿಲ್ಲ. ಮಾಲೀಕರು ಕಟ್ಟಡವನ್ನು ದುರಸ್ತಿ ಮಾಡಿಸಲೇಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆ ಎಲ್ಲಿಯೂ ಹೇಳಿಲ್ಲ. ಕರಾರಿನಲ್ಲಿ ಒಪ್ಪಿಕೊಂಡಿದ್ದರೆ ಮಾತ್ರ ಆ ಹೊಣೆ ಬರುತ್ತದೆ. ನೀವು ಮಾಸಿಕ ಬಾಡಿಗೆದಾರರಾಗಿರುವುದರಿಂದ, ಕಟ್ಟಿಸಿದ ಮರುದಿನವೇ 106ನೇ ಕಲಮಿನಡಿ 15 ದಿನದ ನೋಟಿಸು ಕೊಟ್ಟು ಅವರು ನಿಮ್ಮನ್ನು ಬಿಡಿಸಲು ಮುಂದಾಗಬಹುದು. ಆ ಹೋರಾಟ ಬೇಡ ಎನ್ನುವುದು ನನ್ನ ಸಲಹೆ.

ಅದೇ 106ನೇ ಕಲಮು ನಿಮಗೂ ದಾರಿ ಕೊಡುತ್ತದೆ. ವಕೀಲರ ಮೂಲಕ ಒಂದು ನೋಟಿಸು ಕಳಿಸಿ, ಅದರಲ್ಲಿ 108ನೇ ಕಲಮಿನ (ಇ) ಖಂಡದಂತೆ ಗುತ್ತಿಗೆಯನ್ನು ಶೂನ್ಯವೆಂದು ಪರಿಗಣಿಸುವ ಆಯ್ಕೆ ಚಲಾಯಿಸಿರುವುದಾಗಿಯೂ, ಆ ವಾದ ಒಪ್ಪಿತವಾಗದಿದ್ದಲ್ಲಿ ಇದನ್ನೇ 15 ದಿನದ ನೋಟಿಸೆಂದು ಭಾವಿಸತಕ್ಕದ್ದೆಂದೂ ಬರೆಸಿ. ‘ಶಾಶ್ವತವಾಗಿ ಒದಗದಂತಾಗಿದೆಯೇ’ ಎಂಬ ಚರ್ಚೆಯಲ್ಲಿ ನೀವು ಸೋತರೂ ಎರಡನೆಯ ದಾರಿಯಿಂದ ಬಾಡಿಗೆಯ ಓಟ ನಿಲ್ಲುತ್ತದೆ. ಬೀಗದ ಕೈ ಒಪ್ಪಿಸಲು ದಿನ ಗೊತ್ತುಮಾಡಿ. ಇಬ್ಬರೂ ಕೂಡಿ ಸ್ಥಿತಿಯ ಪಂಚನಾಮೆ ಬರೆದು, ಫೋಟೋ ತೆಗೆದು, ಸಹಿ ಮಾಡಿಸಿಕೊಳ್ಳಿ. ಅವರು ಬಾರದಿದ್ದರೆ ಕೈಗಳನ್ನು ವಕೀಲರ ಬಳಿ ಇಟ್ಟು, ಯಾವಾಗ ಬೇಕಾದರೂ ಪಡೆಯಬಹುದೆಂದು ತಿಳಿಸಿದರೂ ಸಾಕು.

ಮುಂಗಡ ಮಾಲೀಕರ ಹಣವಾಗಿಬಿಡುವುದಿಲ್ಲ. ಅದು ನಿಮ್ಮ ಹಣ, ಅವರ ಕೈಯಲ್ಲಿ ಭದ್ರತೆಗೆ ಇರುವಂಥದ್ದು. ಬ್ಯಾಂಕಿನ ದಾಖಲೆ ಇರುವುದರಿಂದ ಕರಾರು ಪತ್ರ ಬಿದ್ದುಹೋದರೂ ಹಣ ಕೊಟ್ಟದ್ದು ಸಾಬೀತಾಗುತ್ತದೆ. ಬಾಕಿ ಬಾಡಿಗೆಯನ್ನು ಅವರು ಮುರಿದುಕೊಳ್ಳಬಹುದು. ಹಾನಿಯ ಬಾಬ್ತು ಮುರಿದುಕೊಳ್ಳಲು ನಿಮ್ಮ ತಪ್ಪನ್ನೂ, ಹಾನಿಯ ಮೊತ್ತವನ್ನೂ ತೋರಿಸಬೇಕು. ಆ ಮೊತ್ತವೂ ಸುಟ್ಟುಹೋದ ಹಳೆಯ ಮಾಡಿನ ಬೆಲೆಯೇ ಹೊರತು, ಅದರ ಜಾಗದಲ್ಲಿ ಎರಡಂತಸ್ತಿನ ಹೊಸ ಕಟ್ಟಡ ಎಬ್ಬಿಸುವ ಎಂಜಿನಿಯರರ ಅಂದಾಜು ಪಟ್ಟಿಯಲ್ಲ. ಸೌಹಾರ್ದದಿಂದ ಬಾರದಿದ್ದರೆ, ವ್ಯಾಪಾರಕ್ಕೆ ಮಾತ್ರ ಬಳಸುವ ಸ್ಥಿರಾಸ್ತಿಯ ಕರಾರಿನ ಕುರಿತ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರಡಿ ಬರುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದ ಇಂಥ ದಾವೆಗೆ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮುಂದೆ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಅದನ್ನು ಬಿಟ್ಟು ನೇರವಾಗಿ ಹೂಡಿದರೆ ದಾವೆಯೇ ತಿರಸ್ಕೃತವಾಗುತ್ತದೆ. ಮೂರು ತಿಂಗಳ ಈ ಮಧ್ಯಸ್ಥಿಕೆಯನ್ನು ಕಾಟಾಚಾರವೆಂದು ತಿಳಿಯಬೇಡಿ. ನಿಮ್ಮಂಥ ಪ್ರಕರಣ ಮುಗಿಯಬೇಕಾದ ಜಾಗ ಅದೇ.

ಕೊನೆಗೆ ವಿಮೆ. 16 ಲಕ್ಷಕ್ಕೆ 10 ಲಕ್ಷ ಬಂದದ್ದು ಕಂಪನಿಯ ಮೋಸವಾಗಿರಲಾರದು. ಅಂಗಡಿಯಲ್ಲಿ 40 ಲಕ್ಷದ ಸರಕಿದ್ದು 25 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಕೊರತೆಯ ಪ್ರಮಾಣಕ್ಕೆ ತಕ್ಕಂತೆ ನಷ್ಟದ ಎಂಟರಲ್ಲಿ ಐದು ಪಾಲು ಮಾತ್ರ ಕೊಡುವ ಷರತ್ತು ಅಗ್ನಿ ವಿಮೆಯಲ್ಲಿ ಇರುತ್ತದೆ. ಲೆಕ್ಕ ಸರಿಯಾಗಿ 10 ಲಕ್ಷಕ್ಕೆ ಬರುತ್ತದೆ. ನಿಮ್ಮ ಪಾಲಿಸಿಯನ್ನೂ ದಾಸ್ತಾನು ಪುಸ್ತಕವನ್ನೂ ಎದುರಿಟ್ಟುಕೊಂಡು ತಾಳೆ ನೋಡಿ. ಉಳಿದ 6 ಲಕ್ಷವನ್ನು ಮಾಲೀಕರಿಂದ ಕೇಳಬೇಕಾದರೆ ಹಳೆಯ ವೈರಿಂಗಿನ ದೋಷ ಅವರಿಗೆ ಗೊತ್ತಿದ್ದೂ ಸರಿಪಡಿಸಲಿಲ್ಲವೆಂದು ನೀವು ಸಾಬೀತು ಮಾಡಬೇಕು, ಅದು ಸುಲಭವಲ್ಲ. ರಾಜಿಯಾಗುವುದಾದರೆ ‘ಮಾಲೀಕರ ಮೇಲೆ ನನ್ನ ಯಾವ ಹಕ್ಕೂ ಇಲ್ಲ’ ಎಂದು ಸಹಿ ಹಾಕುವ ಮೊದಲು ವಿಮಾ ಕಂಪನಿಗೆ ತಿಳಿಸಿ. ಏಕೆಂದು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಚಿತ್ರದುರ್ಗದ ಮೇದೇಹಳ್ಳಿ ರಸ್ತೆಯಲ್ಲಿ ನಮ್ಮ ಯಜಮಾನರು ಕಟ್ಟಿಸಿದ ಕಟ್ಟಡವಿದೆ. ಅವರು ತೀರಿಕೊಂಡ ಮೇಲೆ ಅದರ ಬಾಡಿಗೆಯೇ ನನಗೆ ಆಧಾರ. ನೆಲಮಹಡಿಯನ್ನು ಹೋಟೆಲಿಗೆಂದು ಒಂಬತ್ತು ವರ್ಷಕ್ಕೆ ನೋಂದಾಯಿತ ಗುತ್ತಿಗೆ ಕೊಟ್ಟಿದ್ದೇನೆ. ಐದು ವರ್ಷ ಕಳೆದಿವೆ. ಮುಂಗಡ 6 ಲಕ್ಷ. ಅಡುಗೆಮನೆಯಲ್ಲಿ ಸಿಲಿಂಡರಿನಿಂದ ಬೆಂಕಿ ಹತ್ತಿ ಕಟ್ಟಡಕ್ಕೆ ಹಾನಿಯಾಯಿತು. ಎಂಜಿನಿಯರರು ದುರಸ್ತಿಗೆ 15 ಲಕ್ಷವೆಂದರು; ಕಟ್ಟಡದ ಮೇಲಿನ ವಿಮೆಯಿಂದ 11 ಲಕ್ಷ ಬಂತು. ಹೋಟೆಲಿನವರು ‘ವಿಮೆ ಬಂದಿದೆಯಲ್ಲ, ನಮ್ಮದೇನು’ ಎನ್ನುತ್ತ, ಗುತ್ತಿಗೆ ಮುಗಿಸಿ ಮುಂಗಡ ಕೊಡಿ ಎಂದು ಕೇಳುತ್ತಿದ್ದಾರೆ. ವಿಮಾ ಕಂಪನಿಯವರು ಒಂದು ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ?
— ಕಟ್ಟಡದ ಮಾಲೀಕರು, ಚಿತ್ರದುರ್ಗ

ಉತ್ತರ: ತಾಯಿ, ನಿಮ್ಮ ಗುತ್ತಿಗೆ ನೋಂದಣಿಯಾಗಿರುವುದು ದೊಡ್ಡ ಅನುಕೂಲ, ಅದರಲ್ಲಿ ಬೆಂಕಿ, ದುರಸ್ತಿ, ವಿಮೆಯ ಬಗ್ಗೆ ಬರೆದಿರುವ ಪ್ರತಿ ಷರತ್ತೂ ಅನ್ವಯಿಸುತ್ತದೆ. 108ನೇ ಕಲಮಿನ ನಿಯಮಗಳು ಕರಾರಿನಲ್ಲಿ ಬೇರೆ ಮಾತಿಲ್ಲದಾಗ ಮಾತ್ರ ಮುಂದೆ ಬರುವಂಥವು. ಆದ್ದರಿಂದ ಪತ್ರವನ್ನು ಸ್ಥಳೀಯ ವಕೀಲರಿಂದ ಒಮ್ಮೆ ಪೂರ್ತಿ ಓದಿಸಿ, ನಂತರ ಈ ಉತ್ತರವನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಹೋಟೆಲಿನ ನೌಕರರ ಅಜಾಗ್ರತೆಯಿಂದ ಬೆಂಕಿ ಹತ್ತಿದ್ದರೆ ಗುತ್ತಿಗೆಯನ್ನು ಶೂನ್ಯವೆನ್ನುವ ಆಯ್ಕೆ ಹೋಟೆಲಿನವರಿಗೆ ಸಿಗುವುದು ಕಷ್ಟ. ಮಾತ್ರವಲ್ಲ, ಬಾಡಿಗೆದಾರರ, ಅವರ ನೌಕರರ ಅಥವಾ ಏಜೆಂಟರ ತಪ್ಪಿನಿಂದಾದ ದೋಷವನ್ನು ಮಾಲೀಕರ ನೋಟಿಸು ತಲುಪಿದ ಮೂರು ತಿಂಗಳೊಳಗೆ ಸರಿಪಡಿಸಿಕೊಡಬೇಕೆಂದು (ಎಂ) ಖಂಡ ಹೇಳುತ್ತದೆ. ಅಂಥ ನೋಟಿಸನ್ನು ನೀವು ಇನ್ನೂ ಕೊಟ್ಟಿಲ್ಲವೆಂದು ಪತ್ರದಿಂದ ತೋರುತ್ತದೆ. ಮೊದಲು ಅದನ್ನು ಕೊಡಿ. ತಪ್ಪಿಗೆ ಸಾಕ್ಷ್ಯ ಎಲ್ಲಿ ಸಿಗುತ್ತದೆಂದರೆ, ಅಡುಗೆಮನೆಯಲ್ಲಿ ಇದ್ದದ್ದು ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರೋ, ಮನೆ ಬಳಕೆಯ 14.2 ಕಿಲೋ ಸಿಲಿಂಡರೋ ಎಂಬುದನ್ನು ಪೊಲೀಸ್ ಪಂಚನಾಮೆಯಲ್ಲಿ ನೋಡಿ. ಹೋಟೆಲಿನಲ್ಲಿ ಮನೆ ಬಳಕೆಯ ಸಿಲಿಂಡರ್ ಉರಿಸುವುದನ್ನು 2000ದ ಎಲ್‌ಪಿಜಿ ನಿಯಂತ್ರಣ ಆದೇಶ ನಿಷೇಧಿಸಿದೆ; ಆ ಸಿಲಿಂಡರು ಅಲ್ಲಿ ಸಿಕ್ಕಿದ್ದರೆ ಉಳಿದ ವಾದದ ಭಾರ ಎಷ್ಟೋ ಇಳಿಯುತ್ತದೆ. ಹಾಗಲ್ಲದೆ ಸಿಲಿಂಡರಿನಲ್ಲೋ ರೆಗ್ಯುಲೇಟರಿನಲ್ಲೋ ತಯಾರಿಕೆಯ ದೋಷವಿತ್ತೆಂದು ಕಂಡುಬಂದರೆ ಅವರನ್ನು ತಪ್ಪಿತಸ್ಥರೆನ್ನುವುದು ಸುಲಭವಲ್ಲ.

‘ವಿಮೆ ಬಂದಿದೆಯಲ್ಲ’ ಎಂಬ ಅವರ ಮಾತಿಗೆ ಕಾನೂನಿನಲ್ಲಿ ನೆಲೆಯಿಲ್ಲ. ಕಂತು ಕಟ್ಟಿದವರು ನೀವು, ತಪ್ಪು ಮಾಡಿದವರನ್ನು ಪಾರುಮಾಡಲು ಕಟ್ಟಿದ್ದಲ್ಲ. ಪರಿಹಾರ ಕೊಟ್ಟ ವಿಮಾ ಕಂಪನಿ ನಿಮ್ಮ ಸ್ಥಾನದಲ್ಲಿ ನಿಂತು, ತಾನು ಕೊಟ್ಟ ಮೊತ್ತದ ಮಟ್ಟಿಗೆ ತಪ್ಪಿತಸ್ಥರಿಂದ ವಸೂಲು ಮಾಡಬಹುದು. ನಿಮ್ಮ ಮುಂದೆ ಇಟ್ಟಿರುವ ಪತ್ರ ಬಹುಶಃ ಅದಕ್ಕೆ ಸಂಬಂಧಿಸಿದ್ದು. ಸಹಿ ಹಾಕಲು ಅಡ್ಡಿಯಿಲ್ಲ, ಆದರೆ ಓದಿ ಹಾಕಿ: 11 ಲಕ್ಷದ ಮಟ್ಟಿಗೆ ಮಾತ್ರ ಹಕ್ಕು ಕೊಡುವ ಪತ್ರವೋ, ಬೆಂಕಿಗೆ ಸಂಬಂಧಿಸಿದ ನಿಮ್ಮ ಸಮಸ್ತ ಹಕ್ಕನ್ನೂ ಬಿಟ್ಟುಕೊಡುವ ಪತ್ರವೋ ಎಂಬ ವ್ಯತ್ಯಾಸದಲ್ಲಿ ನಿಮ್ಮ 4 ಲಕ್ಷ ಅಡಗಿದೆ. ಎರಡನೆಯದಾಗಿದ್ದರೆ ತಿದ್ದಿಸಿಕೊಳ್ಳಿ. ಇದೇ ಕಾರಣಕ್ಕೆ, ಹೋಟೆಲಿನವರೊಡನೆ ಹಿರಿಯರನ್ನು ಕೂರಿಸಿ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಬರೆದುಕೊಡುವ ರಾಜಿಗೆ ಕಂಪನಿಯ ಒಪ್ಪಿಗೆಯಿಲ್ಲದೆ ಹೋಗಬೇಡಿ. ಅವರು ವಸೂಲು ಮಾಡುವ ಹಕ್ಕನ್ನು ನೀವೇ ಕೆಡಿಸಿದಿರೆಂದು ಕೊಟ್ಟ ಹಣವನ್ನು ವಾಪಸು ಕೇಳುವ ಪ್ರಸಂಗ ಬರಬಹುದು.

ಗುತ್ತಿಗೆ ಇನ್ನೂ ನಾಲ್ಕು ವರ್ಷವಿದೆ ಎಂದು ಬಾಡಿಗೆಗಾಗಿ ಪಟ್ಟು ಹಿಡಿದು ಕೂರುವುದಕ್ಕಿಂತ, 4 ಲಕ್ಷವನ್ನೂ ಬಾಕಿ ಬಾಡಿಗೆಯನ್ನೂ ಮುಂಗಡದಲ್ಲಿ ಕಳೆದು, ಮಿಕ್ಕದ್ದನ್ನು ಕೊಟ್ಟು, ಪರಸ್ಪರ ಒಪ್ಪಿಗೆಯ ಬಿಟ್ಟುಕೊಡುವಿಕೆಯ ಪತ್ರವನ್ನು ನೋಂದಾಯಿಸಿಕೊಳ್ಳುವುದು ನಿಮ್ಮ ಪರಿಸ್ಥಿತಿಗೆ ಹೆಚ್ಚು ಹೊಂದುತ್ತದೆ. ಆ ಪತ್ರದಲ್ಲಿ ವಿಮಾ ಕಂಪನಿಯ ಹಕ್ಕಿಗೆ ಧಕ್ಕೆಯಿಲ್ಲವೆಂಬ ಒಂದು ಸಾಲು ಇರಲಿ. ಮುಂದಿನ ವಿಮೆಯಲ್ಲಿ ಬಾಡಿಗೆ ನಷ್ಟದ ಹೆಚ್ಚುವರಿ ರಕ್ಷಣೆಯನ್ನೂ ಸೇರಿಸಿಕೊಳ್ಳಿ. ದುರಸ್ತಿಯ ತಿಂಗಳುಗಳಲ್ಲಿ ನಿಮ್ಮ ಸಂಸಾರದ ಖರ್ಚು ಅದರಿಂದ ನಡೆಯುತ್ತದೆ.

ಪ್ರಶ್ನೆ: ಹರಿಹರದಲ್ಲಿ ಮೊದಲ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ, ಕೊಠಡಿ ಸುಮಾರು 250 ಚದರ ಅಡಿ, ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆ ಕೊಟ್ಟುಕೊಂಡು ಮುಂದುವರಿದಿದ್ದೇನೆ. ಪಕ್ಕದ ಅಂಗಡಿಯ ಬೆಂಕಿಯ ಹೊಗೆಯಿಂದ ಗೋಡೆ ಕಪ್ಪಾಗಿ, ಆರಿಸಿದ ನೀರಿನಿಂದ ವೈರಿಂಗ್ ಕೆಟ್ಟು ಆರು ವಾರದಿಂದ ಮುಚ್ಚಿದೆ. ಮಾಲೀಕರು ದುರಸ್ತಿ ಮಾಡಿಸುತ್ತಿಲ್ಲ. ಬಾಡಿಗೆ ನಿಲ್ಲಿಸಬಹುದೇ?
— ಹೊಲಿಗೆ ಅಂಗಡಿಯವರು, ಹರಿಹರ

ಉತ್ತರ: ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಸುಣ್ಣ ಬಳಿಸಿ ವೈರಿಂಗ್ ಬದಲಿಸಿದರೆ ಸರಿಹೋಗುವ ಹಾನಿಯನ್ನು ‘ಶಾಶ್ವತ’ ಎನ್ನಲಾಗದು, ಹಾಗಾಗಿ (ಇ) ಖಂಡ ನಿಮ್ಮ ನೆರವಿಗೆ ಬರುವುದಿಲ್ಲ. ಬಾಡಿಗೆ ಬಾಕಿ ಉಳಿಸಿಕೊಂಡರೆ ನಿಮ್ಮನ್ನು ಬಿಡಿಸಲು ಮಾಲೀಕರ ಕೈಗೆ ಇನ್ನೊಂದು ಕಾರಣ ಕೊಟ್ಟಂತಾಗುತ್ತದೆ. ಹಳೆಯ ಕರಾರಿನಲ್ಲಿ ದೊಡ್ಡ ದುರಸ್ತಿ ಮಾಲೀಕರದೆಂದು ಬರೆದಿದ್ದರೆ, ಅವರಿಗೆ ನೋಟಿಸು ಕೊಟ್ಟು, ಯುಕ್ತ ಸಮಯ ಕಾದು, ನೀವೇ ದುರಸ್ತಿ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಲು (ಎಫ್) ಖಂಡ ಅವಕಾಶ ಕೊಡುತ್ತದೆ. ಹಾಗೆ ಬರೆದಿಲ್ಲವಾದರೆ ಆ ದಾರಿ ಇಲ್ಲ. ವೈರಿಂಗಿನ ಖರ್ಚನ್ನು ನೀವು ಹಾಕಿ ಬಾಡಿಗೆಯಲ್ಲಿ ಕಂತು ಕಂತಾಗಿ ಮುರಿದುಕೊಳ್ಳುವ ಒಪ್ಪಂದಕ್ಕೆ ಮಾಲೀಕರನ್ನು ಕೇಳಿ, ಒಪ್ಪಿದರೆ ಎರಡು ಸಾಲಿನಲ್ಲಾದರೂ ಬರೆಸಿಕೊಳ್ಳಿ. ಅದಕ್ಕೂ ಒಪ್ಪದಿದ್ದರೆ 15 ದಿನದ ನೋಟಿಸು ಕೊಟ್ಟು ಬೇರೆ ಕೊಠಡಿ ನೋಡಿಕೊಳ್ಳುವುದೇ ಮೇಲು. ಕೆಟ್ಟ ಯಂತ್ರಗಳು ಮತ್ತು ಗಿರಾಕಿಗಳ ಬಟ್ಟೆಯ ನಷ್ಟಕ್ಕೆ ಪಕ್ಕದ ಅಂಗಡಿಯವರ ತಪ್ಪು ಸಾಬೀತಾದರೆ ಅವರನ್ನು ಕೇಳಬಹುದು. ಯಾವ ಗಿರಾಕಿಯ ಯಾವ ಬಟ್ಟೆ ಒಳಗಿತ್ತೆಂಬ ಪಟ್ಟಿಯನ್ನು ಬಿಲ್ ಪುಸ್ತಕ ನೋಡಿ ಈ ವಾರವೇ ತಯಾರಿಸಿ, ದಿನಾಂಕ ಹಾಕಿ ಇಟ್ಟುಕೊಳ್ಳಿ.